ಕರಕಲು ಗುಡ್ಡಕ್ಕೆ ಹಾಕಿದ ಸಹಿ

ನನ್ನ ನಿವೃತ್ತಿಗೆ ನಾಲ್ಕು ವರ್ಷ ಉಳಿದಿದ್ದಾಗಿನ ಮಾತು. ಬಳ್ಳಾರಿಯ ಕಾಲೇಜೊಂದರಲ್ಲಿ ನಾನು ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಕುರುಗೋಡು ಕಡೆಯ ಒಂದು ಗುಡ್ಡವನ್ನು ಕಲ್ಲು ಕ್ವಾರಿಗೆ ಕೊಡುವ ಮೊದಲು ಅಲ್ಲಿನ ಕಾಡುಸಸ್ಯಗಳ ಸಮೀಕ್ಷೆ ಆಗಬೇಕಿತ್ತು. ಆ ಕೆಲಸ ನನಗೆ ಬಂತು. ಈ ಜಿಲ್ಲೆಯ ಗಿಡಗಳ ವಿಷಯಕ್ಕೆ ನನ್ನನ್ನು ಬಿಟ್ಟರೆ ಯಾರಿದ್ದಾರೆ ಎಂಬ ಸೊಕ್ಕು ನನಗಿತ್ತು. ಮುಚ್ಚಿಟ್ಟು ಈಗೇನು ಪ್ರಯೋಜನ?

ಇಂಥ ಸಮೀಕ್ಷೆಗೆ ಕ್ವಾಡ್ರಾಟ್ ಹಾಕುತ್ತೇವೆ, ಎಂದರೆ ನೆಲದ ಮೇಲೆ ಹಗ್ಗದಲ್ಲಿ ಒಂದು ಮೀಟರ್ ಚೌಕ. ಅದರೊಳಗೆ ಯಾವ ಗಿಡ ಎಷ್ಟಿದೆ ಎಂದು ಎಣಿಸಬೇಕು. ಇಂಥ ಹಲವು ಚೌಕಗಳನ್ನು ಹೋಲಿಸಿ, ಅಲ್ಲಿ ಜೊತೆಯಾಗಿ ಬದುಕುವ ಸಸ್ಯಗಳ ಗುಂಪು ಯಾವುದೆಂದು ವರ್ಗೀಕರಿಸುತ್ತೇವೆ. ನಮ್ಮಂಥ ಬಿರುಬೇಸಿಗೆಯ ಸೀಮೆಯಲ್ಲಿ ಇದನ್ನು ಬೇಸಿಗೆಯಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಇನ್ನೊಮ್ಮೆ ಮಾಡಬೇಕು. ವರ್ಷಗಟ್ಟಲೆ ತರಗತಿಯಲ್ಲಿ ಇದನ್ನೇ ಹೇಳಿಕೊಟ್ಟವನು ನಾನು.

ಮೇ ತಿಂಗಳಲ್ಲಿ ಹೋದಾಗ ಇಡೀ ಇಳಿಜಾರು ಸುಟ್ಟು ಕರಕಲಾಗಿತ್ತು. ಇಪ್ಪತ್ತು ಚೌಕ ಹಾಕಿದೆ. ಹದಿನೇಳರಲ್ಲಿ ಬೂದಿ ಬಿಟ್ಟರೆ ಏನೂ ಇರಲಿಲ್ಲ. ಹತ್ತು ಗಂಟೆಗೇ ತಲೆ ಸಿಡಿಯುವ ಬಿಸಿಲು. ಬೇಗ ಮುಗಿಸಿ ಮನೆ ಸೇರಿದರೆ ಸಾಕಾಗಿತ್ತು.

ಜಾಲಿ ಮರದ ನೆರಳಿನಿಂದ ಒಬ್ಬ ಹೆಂಗಸು ಎದ್ದು ಬಂದಳು. ಹೆಸರು ಹುಲಿಗೆಮ್ಮ. ಆ ಗುಡ್ಡದ ಹಂಚಿ ಹುಲ್ಲು ಕೊಯ್ದು ಕಸಬರಿಗೆ ಕಟ್ಟಿ, ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳಿಗೆ ಹಾಕುವ ಹನ್ನೊಂದು ಮನೆಗಳಲ್ಲಿ ಅವಳದೂ ಒಂದು. ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ, ಉಳಿದ ಕೂಳೆಗೆ ಬೆಂಕಿ ಹಚ್ಚುವುದು ಅವರ ಪದ್ಧತಿ. ಹಾಗೆ ಸುಟ್ಟರೆ ಹೊಸ ಕಡ್ಡಿ ನೆಟ್ಟಗೆ ಬರುತ್ತದೆ ಎನ್ನುತ್ತಾರೆ.

"ಸರ, ಬೂದಿ ನೋಡಿ ಏನ್ ಬರ್ಕೊಳ್ಳಾಕತ್ತೀರಿ? ಬೇರು ಒಳಗ ಜೀವ ಹಿಡ್ಕೊಂಡೈತಿ. ಎರಡು ಮಳಿ ಬೀಳ್ಲಿ, ಆಮ್ಯಾಲ ಬರ್ರಿ."

"ಗಿಡದ ಪಾಠ ನೀ ನನಗ ಹೇಳ್ತೀಯೇನು? ತಿಂಗಳ ಕೊನಿಗೆ ವರದಿ ಕೊಡಬೇಕು, ಸರಿ ಅತ್ಲಾಗ," ಎಂದು ರೇಗಿದೆ. ಅವಳು ಮತ್ತೆ ಜಾಲಿಯ ನೆರಳಿಗೆ ಸರಿದಳು. ಆ ಬೂದಿಯನ್ನು ಬೆರಳಿನಿಂದ ಕೆದರಿದ್ದರೂ ಹಸಿ ಬುಡ ಸಿಗುತ್ತಿತ್ತು. ಕೆದರಲಿಲ್ಲ.

ವರದಿಯಲ್ಲಿ 'ಬರಡು ಭೂಮಿ, ಗಮನಾರ್ಹ ಸಸ್ಯವರ್ಗವಿಲ್ಲ' ಎಂದು ಬರೆದೆ. ಮಳೆಗಾಲದ ಸಮೀಕ್ಷೆ ಬೇಕೇ ಎಂಬ ಕಾಲಂನಲ್ಲಿ 'ಅಗತ್ಯವಿಲ್ಲ' ಎಂದು ಬರೆದು ಸಹಿ ಹಾಕಿದೆ.

ಸೆಪ್ಟೆಂಬರಿನಲ್ಲಿ ಕುರುಗೋಡಿಗೆ ಬಸ್ಸಿನಲ್ಲಿ ಹೋಗುವಾಗ ಆ ಗುಡ್ಡ ಕಣ್ಣಿಗೆ ಬಿತ್ತು. ಮುಕ್ಕಾಲು ಭಾಗ ಜೆಸಿಬಿ ಕೆರೆದು ಹಾಕಿದ ಕೆಂಪು ಮಣ್ಣು. ಉಳಿದ ಒಂದು ಅಂಚಿನಲ್ಲಿ ಸೊಂಟದೆತ್ತರದ ಹಂಚಿ ಹುಲ್ಲು ತೆನೆಬಿಟ್ಟು ನಿಂತಿತ್ತು. ಇಳಿದು ಹೋಗಿ ಒಂದೇ ಒಂದು ಚೌಕ ಹಾಕಿದೆ. ಹದಿನಾಲ್ಕು ಬಗೆಯ ಸಸ್ಯಗಳು ಸಿಕ್ಕವು. ನಾಚಿಕೆಯಿಂದ ಅಲ್ಲೇ ಕುಳಿತುಬಿಟ್ಟೆ. ತಿದ್ದಿದ ವರದಿ ಹಿಡಿದು ಕ್ವಾರಿ ಮಂಜೂರು ಮಾಡಿದ ಕಚೇರಿಗೆ ಅಲೆದೆ. "ಫೈಲ್ ಕ್ಲೋಸ್ ಆಗೇತ್ರಿ ಸರ. ಸಹಿ ನಿಮ್ದ ಐತಲ್ಲ?" ಎಂದರು ಅಲ್ಲಿನ ಗುಮಾಸ್ತರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮರುವರ್ಷ ಭತ್ತದ ಕಳೆಗಿಡಗಳನ್ನು ನೋಡಲು ಸಿರುಗುಪ್ಪ ತಾಲ್ಲೂಕಿನ ದೇಶನೂರಿಗೆ ಹೋಗಿದ್ದೆ. ಗದ್ದೆಯಲ್ಲಿ ಸಾಲಾಗಿ ನಾಟಿ ಮಾಡುತ್ತಿದ್ದ ಕೂಲಿ ಹೆಂಗಸರಲ್ಲಿ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನನ್ನನ್ನೇ ನೋಡಿದಳು. ಹುಲಿಗೆಮ್ಮ. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಸರ, ಒಂದ್ ಮಾತು ಕೇಳ್ತೀನಿ, ಖರೇ ಹೇಳ್ರಿ. ಆ ವರ್ಷ ಬೆಂಕಿ ಕಡ್ಡಿ ಗೀರಿದಾಕಿ ನಾನ. ನೀ ಸುಟ್ಟಿದ್ದಕ್ಕ ಗುಡ್ಡ ಹೋತು ಅಂತ ನಮ್ಮ ಮಂದಿ ಮಾತು ಬಿಟ್ಟಾರ. ನಾ ಸುಡದಿದ್ರ ಗುಡ್ಡ ಉಳೀತಿತ್ತೇನ್ರಿ?"

ಯಪ್ಪಾ! ಒಂದು ವರ್ಷದಿಂದ ನನ್ನ ತಪ್ಪನ್ನು ಇವಳು ಹೊತ್ತುಕೊಂಡಿದ್ದಳು.

"ತಪ್ಪು ನಿಂದಲ್ಲವ್ವ, ನಂದು. ನೀ ಹೇಳಿದ್ದು ಖರೇ ಇತ್ತು, ನಾ ಕೇಳಲಿಲ್ಲ."

"ಹಂಗಾರ ಇದನ್ನ ಅವರ ಮುಂದ ಬಂದು ಹೇಳ್ರಿ."

ಮುಂದಿನ ಭಾನುವಾರ ಅವರ ಊರಿಗೆ ಹೋದೆ. ಹನ್ನೊಂದು ಮನೆಯವರೂ ಕಟ್ಟೆಯ ಬಳಿ ಸೇರಿದ್ದರು. ಬೇಸಿಗೆಯಲ್ಲಿ ಬರೆದದ್ದು, ಮಳೆಗೆ ಕಾಯದೆ ಸಹಿ ಹಾಕಿದ್ದು, ಹುಲಿಗೆಮ್ಮ ಬುದ್ಧಿ ಹೇಳಿದಾಗ ರೇಗಿದ್ದು ಎಲ್ಲ ಹೇಳಿದೆ. ಒಬ್ಬ ಮುದುಕ ಮಾತ್ರ ಬಾಯಿ ಬಿಟ್ಟ: "ಈಗ ಹೇಳಿದ್ರ ಹುಲ್ಲು ಬರ್ತೈತೇನ್ರಿ?" ಬರುವುದಿಲ್ಲ ಎಂದೆ.

ಬೇಸಿಗೆಯ ನೆಲವನ್ನು ಬರಡು ಎಂದು ಬರೆಯುವ ಮೊದಲು ಅದನ್ನು ಕೆದರಿ ನೋಡಬೇಕು, ಅಲ್ಲಿ ಬದುಕುವವರ ಮಾತು ಕೇಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಅದೂ ಬೇರೆಯವರ ಅನ್ನ ಹೋದ ಮೇಲೆ. ಅಂದು ಜನ ಏಳುವಾಗ ಒಬ್ಬಾಕೆ ಹುಲಿಗೆಮ್ಮನ ಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋದಳು. ನಮ್ಮ ಕಡೆ ದಾರಿಹೋಕನಿಗೂ ಮೊದಲು ಒಂದು ಚೊಂಬು ನೀರು ಕೊಡುತ್ತಾರೆ. ನನ್ನನ್ನು ಯಾರೂ ನೀರು ಬೇಕೇ ಎಂದು ಕೇಳಲಿಲ್ಲ.