ವರ್ಲೀನ್ ಬುಕಿಂಗ್ ಮಾಡಿದ ವರ್ಷ

ಇಪ್ಪತ್ತೆರಡು ವರ್ಷದಿಂದ ವರ್ಲೀನ್ ಹಗ್ಗಿನ್ಸ್‌ಗೆ ಗಾಡಿಯೇ ಮನೆ. ಕ್ಯಾಂಪುಗಳಲ್ಲಿ ಗಾಡಿ ನಿಲ್ಲಿಸಿ ತಂಗಲು ಮುಂಗಡವಾಗಿ ಜಾಗ ಕಾದಿರಿಸುವವರನ್ನು ಕಂಡರೆ ಅವಳಿಗೆ ನಗು. "ಆರು ತಿಂಗಳ ಮೊದ್ಲೇ ಬುಕ್ ಮಾಡ್ತಾರಲ್ಲ, ಆವತ್ತು ಅಲ್ಲಿಗೆ ಹೋಗೋ ಮನಸ್ಸೇ ಬರ್ದಿದ್ರೆ?" ಎನ್ನುವಳು.

ಪ್ರತಿ ಸೆಪ್ಟೆಂಬರಿನಲ್ಲಿ ನಮ್ಮ ಇಡಾಹೊದ ಬೆಟ್ಟದ ಕೆರೆಗೆ ಬಂದು, ನಾನು ನೋಡಿಕೊಳ್ಳುವ ಕ್ಯಾಂಪಿನ ಗೇಟಿನಲ್ಲಿ ಕಾಫಿ ಹೀರುತ್ತಾ ಕಾಯುವಳು. ಬುಕ್ ಮಾಡಿದವರು ತಾವು ಬರಬೇಕಾದ ದಿನದ ಮರುದಿನ ಮಧ್ಯಾಹ್ನ ಹನ್ನೆರಡರೊಳಗೂ ಬಾರದಿದ್ದರೆ, ಆ ಜಾಗದ ಕಂಬದ ಮೇಲಿನ ಅವರ ಹೆಸರಿನ ಚೀಟಿ ಕಿತ್ತು, ಕಾದವರಿಗೆ ಜಾಗ ಕೊಡುವುದು ನನ್ನ ಕೆಲಸ. ಹಾಗೆ ಎಷ್ಟು ಜನರ ಜಾಗ ಅವಳ ಪಾಲಾಯಿತೋ! ನಾನು ಗಡಿಯಾರಕ್ಕೆ ಕಟ್ಟುಬಿದ್ದ ಮುದುಕ. ಅವಳನ್ನು ಕಂಡರೆ ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಈ ವರ್ಷ ಒಂಬತ್ತನೇ ಜಾಗದ ಚೀಟಿಯಲ್ಲಿ ಅವಳದೇ ಹೆಸರಿತ್ತು. ತಂಗಿ ಐಡಾಳ ಕಣ್ಣು ಮಂಜಾಗುತ್ತಿತ್ತು. ಚಳಿಗಾಲದ ಹೊತ್ತಿಗೆ ಬರೀ ನೆರಳು ಕಂಡೀತು ಎಂದಿದ್ದರು ಡಾಕ್ಟರು. ಅಷ್ಟರೊಳಗೆ ಕೆರೆಯ ಮೇಲೆ ಬೆಳಗಾಗುವುದನ್ನು ತಂಗಿಗೆ ತೋರಿಸಬೇಕು. ಮೂಡಣ ಪೂರ್ತಿ ತೆರೆದುಕೊಳ್ಳುವುದು ಒಂಬತ್ತನೇ ಜಾಗದಿಂದ ಮಾತ್ರ.

ಶುಕ್ರವಾರ ಬರಬೇಕಿತ್ತು, ಬರಲಿಲ್ಲ. ಶನಿವಾರ ಹನ್ನೆರಡು ಹೊಡೆಯಿತು. ಬೆಳಗಿನ ಆರರಿಂದ ಕಾದಿದ್ದ ಎಳೆಯ ಗಂಡಹೆಂಡಿರು ನನ್ನ ಮುಖವನ್ನೇ ನೋಡುತ್ತಿದ್ದರು. ಚೀಟಿ ಕಿತ್ತು ಅವರಿಗೆ ಜಾಗ ಕೊಟ್ಟೆ.

ಒಂದು ಗಂಟೆಗೆ ಅವಳ ಗಾಡಿ ಬಂತು.

"ದಾರೀಲಿ ಸೂರ್ಯಕಾಂತಿ ಹೊಲ ಕಣೋ ಹಾಲಿಸ್. ಈ ಐಡಾ ನೋಡ್ತಾ ನಿಂತ್ಬಿಟ್ಲು. ಹೊರಡೋಣ ಅನ್ನೋಕೆ ಬಾಯೇ ಬರ್ಲಿಲ್ಲ, ಅಲ್ಲೇ ಉಳ್ಕೊಂಡ್ವಿ," ಎನ್ನುತ್ತಾ ಅವಳು ಒಂಬತ್ತರ ಖಾಲಿ ಕಂಬದತ್ತ ನೋಡಿದಳು.

"ಬೈದ್ಬಿಡು ವರ್ಲೀನ್," ಎಂದೆ.

"ಯಾಕೆ ಬೈಲಿ? ಇದೇ ಹನ್ನೆರಡು ಗಂಟೆ ಇಷ್ಟು ವರ್ಷ ನನ್ನ ಸಾಕಿದೆ. ಜಾಗ ಕಳ್ಕೊಂಡೋರಿಗೆ ಹೇಗಿರುತ್ತೆ ಅಂತ ಮಾತ್ರ ಗೊತ್ತಿರ್ಲಿಲ್ಲ."

ಉಳಿದಿದ್ದದ್ದು ಕಸದ ತೊಟ್ಟಿಯ ಎದುರಿನ ಜಾಗ.

ಕ್ಯಾಂಪಿನಲ್ಲಿ ಇನ್ನೊಬ್ಬರ ಜಾಗಕ್ಕೆ ಕೇಳದೆ ನಾವು ಕಾಲಿಡುವುದಿಲ್ಲ. ನಾಯಿಯನ್ನೂ ಸುತ್ತುಬಳಸಿ ಕರೆದೊಯ್ಯುತ್ತೇವೆ. ಯಾರ ಮುಂದೂ ಕೈಚಾಚದ ವರ್ಲೀನ್ ಆ ಸಂಜೆ ಒಂಬತ್ತರ ಅಂಚಿನಲ್ಲಿ ನಿಂತು, "ಬೆಳಗ್ಗೆ ಒಂದ್ಗಳಿಗೆ ಇಲ್ಲಿ ಎರಡು ಕುರ್ಚಿ ಹಾಕ್ಕೊಳ್ಳಲಾ?" ಎಂದು ಕೇಳಿದಳು.

"ಮೂರು ಹಾಕಿ. ಪಾಪ, ಆ ಗೇಟಿನ ಸಿಡುಕು ತಾತನೂ ಬರ್ಲಿ," ಎಂದಳಂತೆ ಆ ಎಳೆಯ ಜೋಡಿಯ ಹುಡುಗಿ.

ಬೆಳಗ್ಗೆ ನೀರಿನಿಂದ ಮಂಜು ಮೆಲ್ಲಗೆ ಎದ್ದು ದಡ ತಬ್ಬಿತ್ತು. ಪೈನ್ ಮರಗಳು ಬೇರಿಲ್ಲದೆ ತೇಲುತ್ತಿದ್ದವು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ನನ್ನ ಗಟ್ಟಿ ಕಣ್ಣಿಗೂ ತಿಳಿಯಲಿಲ್ಲ. ಎಲ್ಲೋ ಒಂದು ನೀರುಹಕ್ಕಿ ಕೂಗಿತು. ಆಮೇಲೆ ಎಲ್ಲವೂ ನಿಧಾನಕ್ಕೆ ಕೆಂಪಾಯಿತು.

"ಅಕ್ಕಾ, ಅಂಚಲ್ಲಿ ಬಂಗಾರ!" ಎಂದಳು ಐಡಾ.

ವರ್ಲೀನ್ ಮಾತ್ರ ತಂಗಿಯನ್ನೇ ನೋಡುತ್ತಿದ್ದಳು.

"ಮುಂದಿನ ವರ್ಷ ಇದು ನಂಗೆ ಕಾಣಲ್ಲ. ಆದ್ರೂ ಕರ್ಕೊಂಡು ಬರ್ತೀಯಾ?"

ವರ್ಲೀನ್ ನನ್ನತ್ತ ತಿರುಗಿದಳು. "ಬುಕಿಂಗ್ ಯಾವತ್ತು ಶುರು?"

"ಮಾರ್ಚ್ ಇಪ್ಪತ್ತು, ಬೆಳಗ್ಗೆ ಎಂಟಕ್ಕೆ."

ನನ್ನ ಜೇಬಿನ ಪೆನ್ನು ಎಳೆದುಕೊಂಡು ಅಂಗೈ ಮೇಲೆ ಬರೆದುಕೊಂಡಳು. ಬರೆದು ಮತ್ತೆ ತಂಗಿಯ ಮುಖ ನೋಡುತ್ತಾ ಕೂತಳು.

"ನನ್ನೇನು ನೋಡ್ತೀಯಾ? ಕೆರೆ ನೋಡೇ ಅಕ್ಕ," ಎಂದಳು ಐಡಾ. "ಈಗ್ಲೇ ಕಲ್ತ್ಕೋ. ಇಲ್ದಿದ್ರೆ ಮುಂದಿನ ವರ್ಷ ನಂಗೆ ಏನು ಕಾಣ್ತಿದೆ ಅಂತ ಹೇಗೆ ಹೇಳ್ತೀಯಾ?"