ಎರಡು ಸುತ್ತು ನೀರು

ನಲವತ್ತು ವರ್ಷ ನಾನು ಉಮದಿಯ ಸುತ್ತಮುತ್ತಲ ಬಾವಿಗಳ ಡೀಸೆಲ್ ಎಂಜಿನ್ ರಿಪೇರಿ ಮಾಡಿದವನು. ಎಂಜಿನ್ ತಣ್ಣಗಿರಲು ಪಂಪಿನ ನೀರಿನಲ್ಲೇ ಒಂದು ಸಣ್ಣ ಧಾರೆಯನ್ನು ಅದಕ್ಕೆ ಬಿಡುತ್ತಾರೆ. ಆ ಧಾರೆಯನ್ನು ಕಿರುಬೆರಳಿಗಿಂತ ಸಣ್ಣದು ಮಾಡಿ ಉಳಿದದ್ದನ್ನು ಬೆಳೆಗೆ ಉಳಿಸಿಕೊಡುವವನೇ ನಮ್ಮ ಕಡೆ ಒಳ್ಳೆಯ ಮಿಸ್ತ್ರಿ. ನೀರು ಚೆಲ್ಲುವುದು ಕಂಡರೆ ನನ್ನ ಕೈ ತಾನಾಗಿ ವಾಲ್ವಿನ ಕಡೆ ಹೋಗುತ್ತಿತ್ತು. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಕಾಲುವೆ ನೀರು ಬಂದು ಕೆರೆ ತುಂಬಿದ ಮೇಲೆ ಊರಿನ ಸಾವುಕಾರನೊಬ್ಬ ಕೊಂಕಣದಿಂದ ಹಳೆಯ ಜೆಟ್ ಬೋಟ್ ತಂದ. ಜನರನ್ನು ಕೂರಿಸಿಕೊಂಡು ಕೆರೆ ಸುತ್ತಿಸುವ ವಿಚಾರ. ಓಡಿಸಲು ಮಾಡಗ್ಯಾಳದ ಕುರಿಗಾರರ ಮನೆಯವನೊಬ್ಬ ಸಿಕ್ಕ. ಬಹಳ ವರ್ಷ ಸಮುದ್ರದ ಮೇಲೆ ದುಡಿದು, ಇನ್ನು ಹೆಂಡತಿ ಮಕ್ಕಳ ಜೊತೆ ಇರಬೇಕೆಂದು ಮರಳಿದ್ದ. ಎಂಜಿನ್ ನೋಡಿಕೊಳ್ಳಲು ನನ್ನನ್ನು ಕರೆದರು.

ಮೊದಲ ದಿನವೇ ಬೋಟಿನವನು ನನಗೆ ಹೆಡರ್ ತೋರಿಸಿದ. ಎಂಜಿನ್ನಿನ ಸುಡುಹೊಗೆ ಹೊರಗೆ ಹೋಗುವ ದಪ್ಪ ಕೊಳವೆಗಳವು. ಎರಡು ಪದರ, ನಡುವೆ ನೀರು ಹರಿಯಬೇಕು.

“ಮಿಸ್ತ್ರಿ ಕಾಕಾ, ಈ ವಾಲ್ವ್ ಎರಡ ಸುತ್ತ ಬಿಡ್ರಿ. ಹೆಚ್ಚಾದ್ರ ನೀರು ತಿರುಗಿ ಎಂಜಿನ್‌ದಾಗ ಹೊಕ್ಕತೈತಿ. ಕಮ್ಮಿಯಾದ್ರ ಹೊಗಿ ಪೈಪಿನ ರಬ್ಬರ್ ಸುಡತೈತಿ.”

“ಅಷ್ಟೂ ನೀರು ಹೊರಗ ಚೆಲ್ಲತೈತಲ್ಲೋ ತಮ್ಮಾ.”

“ಕೆರಿ ನೀರು ಕೆರಿಗೇ ಬೀಳತೈತ್ರಿ. ನಿಮ್ಮ ಹೊಲದ್ದೇನ ಹೋಗೂದಿಲ್ಲ,” ಎಂದು ನಕ್ಕ.

ಒಂದು ಭಾನುವಾರ ಬೆಳಿಗ್ಗೆ ಬೋಟ್ ನೀರು ಎಳೆದುಕೊಳ್ಳುವ ಬಾಯಿಯ ಜಾಳಿಗೆಯಲ್ಲಿ ಸಿಕ್ಕ ಪಾಚಿ ತೆಗೆದು, ದಂಡೆಯಲ್ಲೇ ಎಂಜಿನ್ ಚಾಲೂ ಮಾಡಿ ನೋಡಿದೆ. ನೀರು ಭರ್ರನೆ ಚೆಲ್ಲುತ್ತಿತ್ತು. ಕೈ ತಡೆಯಲಿಲ್ಲ. ವಾಲ್ವನ್ನು ಅರ್ಧ ಸುತ್ತಿಗೆ ತಂದೆ. ಧಾರೆ ಸಣ್ಣಗಾಯಿತು, ನನಗೆ ಸಮಾಧಾನವಾಯಿತು. ಬೋಟಿನವನಿಗೆ ಹೇಳಲಿಲ್ಲ. ಹೇಳಬೇಕಾದ ಮಾತು ಅನ್ನಿಸಲೇ ಇಲ್ಲ.

ಮುಚ್ಚಂಡಿಯಿಂದ ಬಂದ ಒಂದು ಕುಟುಂಬ ಬೋಟ್ ಹತ್ತಿತು. ನಡುಗೆರೆಯಲ್ಲಿ ಬೋಟಿನ ಹಿಂದೆ ಕರಿಹೊಗೆ ಎದ್ದಿತು. ಹೆಂಗಸರ ಅಳು ದಂಡೆಗೆ ಕೇಳಿಸಿತು. ಅವನು ಎಂಜಿನ್ ಬಂದ್ ಮಾಡಿ, ಸುಡುವ ರಬ್ಬರಿನ ಮೇಲೆ ನೀರು ಸುರಿದು, ಹುಟ್ಟು ಹಾಕುತ್ತಾ ಎಲ್ಲರನ್ನೂ ದಂಡೆಗೆ ತಂದ. ಯಾರಿಗೂ ಏನೂ ಆಗಲಿಲ್ಲ.

ಸುಟ್ಟ ರಬ್ಬರ್ ನೋಡಿ ಸಾವುಕಾರ ಜನರ ಎದುರೇ ಅವನ ಮೇಲೆ ಹರಿಹಾಯ್ದ. “ನೀರು ಕಮ್ಮಿ ಆಗೇ ಸುಟ್ಟೈತಿ. ವಾಲ್ವ್ ಯಾಕ ಮುಟ್ಟಿದಿ?”

“ನಾ ಮುಟ್ಟಿಲ್ರಿ.”

ಸಾವುಕಾರ ನನ್ನ ಕಡೆ ತಿರುಗಿದ. “ಮಿಸ್ತ್ರಿ, ನೀವು ಎಷ್ಟ ಬಿಟ್ಟಿದ್ರಿ?”

“ಎರಡ ಸುತ್ತ,” ಎಂದೆ.

ನಲವತ್ತು ವರ್ಷದ ಹೆಸರು ಒಂದು ಗಳಿಗೆಯಲ್ಲಿ ಹೋಗುತ್ತದೆಂಬ ಹೆದರಿಕೆ ಆ ಮಾತನ್ನು ಆಡಿಸಿತು. ಬೋಟಿನವನು ನನ್ನನ್ನು ನೋಡಿದ.

“ಕುರಿ ಕಾಯಾಕ ಹೋಗಪಾ,” ಎಂದು ಸಾವುಕಾರ ಅವನನ್ನು ಆಗಲೇ ಕೆಲಸ ಬಿಡಿಸಿದ.

ಸುಟ್ಟ ರಬ್ಬರ್ ನಾನೇ ಬದಲಿಸಿದೆ. ಓಡಿಸುವವರಿಲ್ಲದೆ ಬೋಟ್ ತಾಡಪತ್ರಿಯ ಕೆಳಗೆ ನಿಂತಿತು. ಸಂತೆಯಲ್ಲಿ ಜನ ಅವನನ್ನು ‘ಬೋಟ್ ಸುಟ್ಟಾಂವ’ ಎಂದು ಗುರುತು ಹೇಳುವುದನ್ನು ಎರಡು ಸಲ ಕೇಳಿದೆ. ಎರಡನೆಯ ಸಲ ಕೇಳಿದ ಮರುದಿನ ಮಾಡಗ್ಯಾಳಕ್ಕೆ ಹೋದೆ.

ಅವನು ಕುರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. “ಬರ್ರಿ ಕಾಕಾ, ಕುಂದ್ರಿ,” ಎಂದ. ಕೂತು ಎಲ್ಲ ಹೇಳಿದೆ. ಮುಳ್ಳು ಹೊರಬರುವವರೆಗೂ ಅವನು ತಲೆ ಎತ್ತಲಿಲ್ಲ.

“ನನಗ ಗೊತ್ತೈತ್ರಿ. ಅವತ್ತ ನಡುನೀರಾಗ ವಾಲ್ವ್ ತಿರುವಿ ನೋಡಿದ್ದೆ. ಅರ್ಧ ಸುತ್ತ ಇತ್ತು.”

“ಮತ್ಯಾಕ ಹೇಳಲಿಲ್ಲೋ?”

“ನಿಮ್ಮ ಮಾತಿನ ಮುಂದ ನನ್ನ ಮಾತ ಯಾರ ನಂಬತಿದ್ರು? ಈಗ ನನಗ ಹೇಳಿ ಏನ ಉಪಯೋಗ್ರಿ. ಸಾವುಕಾರ್ರಿಗೆ ಹೇಳ್ರಿ. ದಂಡಿ ಮ್ಯಾಲೆ, ಜನರ ಎದುರಿಗೆ.”

ಮುಂದಿನ ಭಾನುವಾರ ಇಬ್ಬರೂ ಹೋದೆವು. ವಾಲ್ವನ್ನು ಅರ್ಧ ಸುತ್ತಿಗೆ ತಂದವನು ನಾನೇ ಎಂದು ಸಾವುಕಾರನಿಗೆ ಹೇಳಿದೆ. ಚಹಾದ ಗಾಡಿಯ ಬಳಿ ನಿಂತವರೆಲ್ಲ ಕೇಳಿದರು. ಸಾವುಕಾರ, “ನಾಳಿಂದ ಬರ್ತಿಯೇನು?” ಎಂದು ಅವನನ್ನು ಕೇಳಿದ. ನನಗೆ, “ನೀವಿನ್ನ ಮನಿಗೆ ಹೋಗ್ರಿ,” ಎಂದ.

“ಕಾಕಾ ಹೋದ್ರ ಎಂಜಿನ್ ಯಾರ ಬಿಚ್ಚತಾರ್ರಿ?” ಎಂದ ಬೋಟಿನವನು. “ಇರಲಿ. ವಾಲ್ವ್ ಅಷ್ಟ ನನ್ನ ಕೈಯಾಗ.”

ಈಗ ಬೆಳಿಗ್ಗೆ ವಾಲ್ವ್ ತಿರುವುವಾಗ ಅವನು ನನಗೆ ಕೇಳುವಂತೆ ಗಟ್ಟಿಯಾಗಿ ಎಣಿಸುತ್ತಾನೆ: ಒಂದು, ಎರಡು. ನೀರು ಭರ್ರನೆ ಚೆಲ್ಲುತ್ತದೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರುತ್ತೇನೆ.