ಹದಿನೇಳನೇ ಮುಚ್ಚಳ

ಕತ್ರಿಗುಪ್ಪೆಯ ಪೇಂಟರ್ ಚಿನ್ನಪ್ಪನಿಗೆ ಗೋಡೆಗೆ ಬಣ್ಣ ಹೊಡೆಯುವುದು ಹೊಟ್ಟೆಪಾಡು, ಅಕ್ಷರ ಬರೆಯುವುದು ಹುಚ್ಚು. ಅವನು ಗೇಟಿನ ಮೇಲೆ ಬರೆದ ಮನೆ ನಂಬರನ್ನು ಪೋಸ್ಟ್‌ಮ್ಯಾನ್ ಕೂಡ ಸೈಕಲ್ ನಿಲ್ಲಿಸಿ ನೋಡುತ್ತಿದ್ದ. ಎಲ್ಲಾದರೂ ಒಂದು ಅಂಕಿ ಮಸುಕಾಗಿದ್ದರೆ ಇವನಿಗೆ ಊಟ ಸೇರುತ್ತಿರಲಿಲ್ಲ. ಆ ಹುಚ್ಚಿನಿಂದಲೇ ಅವನು ಒಮ್ಮೆ ಕೆಟ್ಟ.

ಅವನು ಕಾಡಿಗೆ ಹೋದದ್ದೂ ಬಣ್ಣದ ಬಕೆಟ್ಟಿನ ದೆಸೆಯಿಂದಲೇ. 2002ರಲ್ಲಿ ಬನಶಂಕರಿ ಮೂರನೇ ಹಂತದ ಒಂದು ಹೊಸ ಮನೆಯಲ್ಲಿ ಅವನು ಏಣಿಯ ಮೇಲಿದ್ದಾಗ, ಹಾವೇರಿ ಕಡೆಯ ಮಾತಿನ ಒಬ್ಬಳು ಬಂದು ಖಾಲಿ ಬಕೆಟ್ ಕೇಳಿದಳು. ಬಿಟಿಎಮ್ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಮಧುಮತಿ ಅವಳು.

"ಮುಚ್ಚಳ ಇದ್ದದ್ದು ಬೇಕ್ರಿ. ಮುಚ್ಚಳ ಇಲ್ಲದ್ದು ಪುಕ್ಕಟೆ ಕೊಟ್ರೂ ಬ್ಯಾಡ," ಅಂದಳು.

ಬಕೆಟ್ ಕೇಳುವವರು ಸಾವಿರ ಜನ, ಮುಚ್ಚಳ ಕೇಳಿದವಳು ಇವಳೊಬ್ಬಳೇ. ಯಾಕೆ ಅಂತ ಚಿನ್ನಪ್ಪ ಕೇಳಿದ. ಸಕಲೇಶಪುರದ ಆಚೆ ಘಟ್ಟದ ಮಳೆಕಾಡಿನಲ್ಲಿ ಕಪ್ಪೆ, ಹಾವುರಾಣಿ, ಸುಂಡಿಲಿಗಳ ಲೆಕ್ಕ ತೆಗೆಯುವ ಕೆಲಸ ಅವಳದು. ಬಾಯಿ ನೆಲಕ್ಕೆ ಸಮವಾಗುವಂತೆ ಇಪ್ಪತ್ತು ಬಕೆಟ್ ಸಾಲಾಗಿ ಹೂಳಬೇಕು, ಉದ್ದಕ್ಕೂ ಮೊಳದೆತ್ತರದ ಪ್ಲಾಸ್ಟಿಕ್ ಬೇಲಿ ಕಟ್ಟಬೇಕು. ನೆಲದ ಮೇಲೆ ಓಡಾಡುವ ಜೀವ ಬೇಲಿಗೆ ಅಡ್ಡ ಸಿಕ್ಕಿ, ಅದರ ಪಕ್ಕದಲ್ಲೇ ಹೋಗುತ್ತಾ ಬಕೆಟ್ಟಿಗೆ ಬೀಳುತ್ತದೆ. ಹೊತ್ತುಹೊತ್ತಿಗೆ ಹೋಗಿ, ಅಳೆದು, ಬರೆದುಕೊಂಡು ಬಿಟ್ಟುಬಿಡಬೇಕು. ತಾವು ಅಲ್ಲಿರದ ದಿನ ಮುಚ್ಚಳ ಬಿಗಿಯಾಗಿ ಹಾಕಿರಬೇಕು. ಇಲ್ಲದಿದ್ದರೆ ಅದು ಬಕೆಟ್ಟಲ್ಲ, ಗೋರಿ.

ಬಕೆಟ್ ತಲುಪಿಸಲು ಹೋದ ಚಿನ್ನಪ್ಪ ಅಲ್ಲೇ ಕೆಲಸಕ್ಕೆ ನಿಂತ. ತಿಂಗಳಲ್ಲಿ ಹದಿನೈದು ದಿನ ಕಾಡು, ಉಳಿದದ್ದು ಕತ್ರಿಗುಪ್ಪೆ. ಇಪ್ಪತ್ತು ಬಕೆಟ್ಟಿಗೂ ಇಪ್ಪತ್ತು ಮುಚ್ಚಳಕ್ಕೂ ಕೆಂಪು ಬಣ್ಣದಲ್ಲಿ ಕನ್ನಡದ ಅಂಕಿ ಬರೆದ. ಜೀವ ಹೋಗಿ ಸಿಕ್ಕಿದ್ದನ್ನು ಬಾಟಲಿಯಲ್ಲಿ ಇಡುವಾಗ ಹಾಕುವ ಉಗುರಗಲದ ಚೀಟಿಯನ್ನೂ ಅವನೇ ಬರೆಯುತ್ತಿದ್ದ. ಮೊದಲ ವರ್ಷ ಮುತ್ತುರಾಜ ಅನ್ನುವ ಹುಡುಗ ಒಂದು ಬಕೆಟ್ ಮುಚ್ಚದೆ ಊರಿಗೆ ಹೋಗಿದ್ದ. ಅದರೊಳಗಿನ ಸುಂಡಿಲಿಗಳು ಹಸಿವಿಗೆ ಒಂದನ್ನೊಂದು ತಿಂದಿದ್ದವು. ಸುಂಡಿಲಿಗೆ ಅರ್ಧ ದಿನ ಹೊಟ್ಟೆಗೆ ಇಲ್ಲದಿದ್ದರೆ ಮುಗಿಯಿತು. ಮಧುಮತಿ ಅದನ್ನು ನೋಡಿ ನೆಲದ ಮೇಲೆ ಕೂತುಬಿಟ್ಟಿದ್ದಳು. ಮುತ್ತುರಾಜನನ್ನು ಮನೆಗೆ ಕಳಿಸಿ, ಎಲ್ಲ ಮುಚ್ಚಿದೆ ಅಂತ ಹಾಳೆಗೆ ಸಹಿ ಹಾಕುವ ಕೆಲಸವನ್ನು ಚಿನ್ನಪ್ಪನಿಗೆ ಕೊಟ್ಟಳು. "ನಿಮ್ಮ ಸಹಿ ಇದ್ರ ನಾ ತಿರುಗಿ ನೋಡಂಗಿಲ್ರಿ," ಅಂದಿದ್ದಳು. ಗುತ್ತಿಗೆದಾರರ ಬೈಗುಳ ತಿಂದೇ ಬೆಳೆದವನಿಗೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

2003ರ ಆಯುಧಪೂಜೆ. ಬೆಳಗ್ಗೆ ಏಳಕ್ಕೆ ಹೆಂಡತಿ ಇಂದ್ರಾಣಿ ಮಣೆ ಹಾಕಿ, ಬ್ರಷ್ಷು, ಪಟ್ಟಿ ಬಳಿಯುವ ಕತ್ತಿ, ಉಜ್ಜುವ ಕಾಗದ ಎಲ್ಲ ಜೋಡಿಸುತ್ತಿದ್ದಳು. ಕಾಡಿನ ಚೀಲದಲ್ಲಿದ್ದ ಸಣ್ಣ ಬ್ರಷ್ಷಿಗೂ ಕುಂಕುಮ ಇಡೋಣ ಅಂತ ಕೈ ಹಾಕಿದಳು.

"ರೀ, ಇದ್ಯಾವ್ದು ಪೇಪರ್‌ನಲ್ಲಿ ಸುತ್ತಿರೋದು?"

ಬಿಚ್ಚಿದರೆ ಮುಚ್ಚಳ. ಮೇಲೆ ಹೊಚ್ಚಹೊಸ ಕೆಂಪಿನಲ್ಲಿ, ದುಂಡಗೆ, ೧೭.

ಚಿನ್ನಪ್ಪನಿಗೆ ಮೂರು ದಿನದ ಹಿಂದಿನದೆಲ್ಲ ಒಟ್ಟಿಗೇ ನೆನಪಾಯಿತು. ಹದಿನೇಳರ ಅಂಕಿ ಮಸುಕಾಗಿದೆ ಅಂತ ಮುಚ್ಚಳವನ್ನು ಕ್ಯಾಂಪಿಗೆ ತಂದು ತಿದ್ದಿ ಒಣಗಲು ಇಟ್ಟಿದ್ದ. ಹೊರಡುವ ದಿನ ಮಿಕ್ಕ ಹತ್ತೊಂಬತ್ತನ್ನೂ ಮುಚ್ಚಿದ. ಇದೊಂದು ಮರೆಯಬಾರದು ಅಂತಲೇ ಚೀಲಕ್ಕೆ ಹಾಕಿಕೊಂಡ, ಹೋಗುವ ದಾರಿಯಲ್ಲೇ ಮುಚ್ಚಿದರಾಯಿತು ಅಂದುಕೊಂಡ. ಬಸ್ಸು ತಪ್ಪುತ್ತದೆ ಅಂತ ಜೀಪಿನ ಗುರುಸಿದ್ದ ಹಾರನ್ ಮೇಲೆ ಹಾರನ್ ಹೊಡೆದ. ಮಧುಮತಿ ಹಾಳೆ ಚಾಚಿದಳು. ಇವನು ಸಹಿ ಹಾಕಿ ಜೀಪು ಹತ್ತಿದ. ಅದೂ ಒಂದು ಸಹಿಯೇ!

ಯಾರಿಗೆ ಗೊತ್ತಾಗಬೇಕು? ಇನ್ನು ಹನ್ನೆರಡು ದಿನಕ್ಕೆ ಎಲ್ಲರೂ ವಾಪಸ್ ಹೋಗುವವರೇ. ತಾನೇ ಮುಂದೆ ಓಡಿ ಬಕೆಟ್ ಬಗ್ಗಿಸಿ, ತೊಳೆದು, ಮುಚ್ಚಿಬಿಟ್ಟರೆ ಕಾಡು ಬಂದು ಸಾಕ್ಷಿ ಹೇಳುತ್ತದೆಯೇ? ಹೀಗೆ ಯೋಚಿಸುತ್ತಲೇ ಅವನು ಮುಖ್ಯರಸ್ತೆಯ ಕಾಯಿನ್ ಬೂತಿಗೆ ಬಂದಿದ್ದ. ರಿಸೀವರ್ ಎತ್ತಿ ಇಟ್ಟ. ಬೂತಿನ ಮುಂದೆ ಯಾರೋ ಬೂದುಗುಂಬಳಕಾಯಿ ಒಡೆದು, ಇವನನ್ನು ನೋಡಿ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಇವನು ಕಂಕುಳಲ್ಲಿದ್ದ ಮುಚ್ಚಳ ಮುಟ್ಟಿ ನೋಡಿಕೊಂಡ. ಈ ಹೊತ್ತಿನಲ್ಲೂ ಏನೋ ಒಂದು ಬೇಲಿಯ ಪಕ್ಕ ಮೂಸಿಕೊಂಡು ಹದಿನೇಳರ ಕಡೆಗೆ ಬರುತ್ತಿರಬಹುದು ಅನ್ನಿಸಿತು. ಮತ್ತೆ ರಿಸೀವರ್ ಎತ್ತಿದ.

"ಮೇಡಂ, ಹದಿನೇಳು ಮುಚ್ಚಿಲ್ಲ. ಮುಚ್ಚಳ ನನ್ನತ್ರನೇ ಇದೆ."

"ಸಹಿ ಮಾಡೀರಲ್ರೀ?"

"ಮಾಡಿದೀನಿ."

"ಮೆಜೆಸ್ಟಿಕ್‌ಗೆ ಬರ್ರಿ," ಅಂದು ಫೋನಿಟ್ಟಳು.

ಇವನು ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಅವಳು ಯಾರಾದರೂ ಹೋಗಿ ಬಕೆಟ್ ಮುಚ್ಚಲಿ ಅಂತ ಬೂತಿನಿಂದ ಅರಣ್ಯ ಇಲಾಖೆಯ ಚೌಕಿಗೆ ಮೂರು ಸಲ ಫೋನ್ ಮಾಡಿದ್ದಳು. ಹಬ್ಬ, ಯಾರೂ ಎತ್ತಲಿಲ್ಲ. ಬಸ್ಸಿಗೂ ಹಬ್ಬ. ಬಾಳೆಕಂದು ಕಟ್ಟಿಸಿಕೊಂಡ ಸಕಲೇಶಪುರದ ಬಸ್ಸು ಮದುವೆ ಗಂಡಿನ ಹಾಗೆ ನಿಂತಿತ್ತು. ಡ್ರೈವರು ಸ್ಟೀರಿಂಗಿಗೆ ಹಾರ ಹಾಕಿದ, ಗಾಜಿಗೆ ವಿಭೂತಿ ಬಳಿದ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಟ್ಟ. ಆಮೇಲೆ ಕರ್ಪೂರ ಸಿಗಲಿಲ್ಲ. ಚಿನ್ನಪ್ಪ ಸ್ವಂತ ಬೆಂಕಿಪೊಟ್ಟಣ ಹಿಡಿದು ಅಂಗಡಿ ಅಂಗಡಿ ಅಲೆದು ಕರ್ಪೂರ ತಂದುಕೊಟ್ಟ.

"ಏನ್ ಗುರು, ಅಷ್ಟೊಂದು ಭಕ್ತಿ?" ಅಂದ ಕಂಡಕ್ಟರ್.

ನಿಂಬೆಹಣ್ಣು ಪಚಕ್ಕೆಂದಾಗ ಒಂಬತ್ತೂ ಮುಕ್ಕಾಲು. ಮಧುಮತಿ ಕಿಟಕಿಯ ಪಕ್ಕ ಕೂತು ಹಾಸನದವರೆಗೂ ಒಂದು ಮಾತೂ ಆಡಲಿಲ್ಲ. ಅವಳು ಬೈದಿದ್ದರೆ ಎಷ್ಟೋ ನೆಮ್ಮದಿಯಾಗುತ್ತಿತ್ತು. ಹಾಸನ ದಾಟಿದ ಮೇಲೆ ಗಾಜಿಗೆ ಹನಿ ಬಿತ್ತು. ಮಳೆ ಬಂದರೆ ನೆಲದ ಜೀವಗಳೆಲ್ಲ ಓಡಾಟಕ್ಕೆ ಹೊರಡುತ್ತವೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಸಕಲೇಶಪುರದಲ್ಲಿ ಬಾಡಿಗೆ ಜೀಪು ಹಿಡಿದು, ಕಾಡಿನ ಅಂಚಿಗೆ ಬಂದು, ಕೊನೆಯ ಅರ್ಧ ಮೈಲಿ ನಡೆಯುವಾಗ ಚಿನ್ನಪ್ಪ ಓಡುತ್ತಲೇ ಇದ್ದ. ಜಿಗಣೆ ಕಾಲು ಹತ್ತಿದ್ದು ಅವನಿಗೆ ಗೊತ್ತಾಗಲಿಲ್ಲ. ಹದಿನೇಳು ಬಾಯಿ ತೆರೆದುಕೊಂಡೇ ಇತ್ತು. ನೀರು ಇಳಿಯಲು ತಳಕ್ಕೆ ಅವನೇ ಕೊರೆದಿದ್ದ ತೂತುಗಳು ಎಲೆ ಕಟ್ಟಿ ಮುಚ್ಚಿಹೋಗಿ ಗೇಣು ನೀರು ನಿಂತಿತ್ತು. ಅವನು ಮಂಡಿಯೂರಿ ಕೈ ಹಾಕಲು ಹೋದ. ಮಧುಮತಿ ಅವನ ಮಣಿಕಟ್ಟು ಹಿಡಿದು ಜಗ್ಗಿದಳು.

"ಕೋಲು," ಅಂದಳು.

ಕೋಲಿನಿಂದ ಎಲೆ ಸರಿಸಿದರೆ, ಕೆಳಗೆ ಒದ್ದೆ ಎಲೆಯ ಬಣ್ಣದ್ದೇ ಒಂದು ಮಂಡಲದ ಹಾವಿನ ಮರಿ ಸುರುಳಿ ಸುತ್ತಿ ತಲೆ ಎತ್ತಿತು. ಅವಳು ಕೋಲಿನಲ್ಲೇ ಅದನ್ನೆತ್ತಿ ದೂರ ಬಿಟ್ಟಳು. ಆಮೇಲೆ ಜೀವವಿದ್ದ ಎರಡು ಕಪ್ಪೆ. ಸತ್ತ ಹಾವುರಾಣಿ ಒಂದು, ಸತ್ತ ಸುಂಡಿಲಿ ಎರಡು. ಕೊನೆಗೆ ಇನ್ನೊಂದು ಸುಂಡಿಲಿ. ಹೆಬ್ಬೆರಳುದ್ದ, ಕಪ್ಪು ಬೆನ್ನು, ಬಾಲದ ತುದಿ ಬಿಳಿ. ಅಂಥದ್ದೊಂದು ಮರದ ದಿಮ್ಮಿಯ ಕೆಳಗೆ ನುಗ್ಗಿದ್ದನ್ನು ಮಧುಮತಿ ಮೊದಲ ವಾರ ಕಂಡಿದ್ದಳು. ಅಂದಿನಿಂದ ಹುಡುಕುತ್ತಿದ್ದಳು. ಸತ್ತಿದ್ದರೂ ಇನ್ನೂ ಮೆತ್ತಗಿತ್ತು. ಬೆಳಗ್ಗೆ ತಾನೇ ಬಿದ್ದಿರಬೇಕು.

ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಚಿನ್ನಪ್ಪ ಬಕೆಟ್ ಬಗ್ಗಿಸಿ, ತೂತು ಬಿಡಿಸಿ, ಮುಚ್ಚಳ ಹಾಕಿ ಕಾಲಿನಿಂದ ಒತ್ತಿದ. ಹಾಳೆಗೆ ಕೈ ಚಾಚಿದ. ಅವಳು ಕೊಡಲಿಲ್ಲ, ತಾನೇ ಸಹಿ ಹಾಕಿದಳು. ಮೂರು ದಿನದಲ್ಲಿ ಏನೇನು ಸತ್ತಿತೋ, ಆ ಗಳಿಗೆಯಲ್ಲಿ ಚಿನ್ನಪ್ಪನೊಳಗೂ ಒಂದು ಸತ್ತಿತು.

ಎರಡು ದಿನ ಬಿಟ್ಟು ಬಿಟಿಎಮ್ ರೂಮಿಗೆ ಕರೆಸಿಕೊಂಡಳು. ಮೇಜಿನ ಮೇಲೆ ಬಾಟಲಿ, ಕಪ್ಪು ಮಸಿ, ಖಾಲಿ ಚೀಟಿ. ಚೀಟಿಯಲ್ಲಿ ಜಾಗ, ದಿನ, ಹಿಡಿದವರ ಹೆಸರು ಬರೆಯಬೇಕು.

"ನನ್ನ ಹೆಸರು ಬೇಡ ಮೇಡಂ. ನೂರು ವರ್ಷ ಇರತ್ತೆ ಅಂತೀರ ಇದು."

"ಮತ್ಯಾರ ಹೆಸರು ಬರೀಲ್ರಿ? ಹಿಡಿದವ್ರು ನೀವ."

ಚಿನ್ನಪ್ಪ ಬರೆದ. ಅವನ ಜನ್ಮದಲ್ಲೇ ಅಷ್ಟು ನಿಧಾನವಾಗಿ ಬರೆದಿರಲಿಲ್ಲ. ಹೆಸರಿನ ಕೆಳಗೆ ಒಂದು ಸಾಲಿನಷ್ಟು ಜಾಗ ಉಳಿದಿತ್ತು. ಯಾರೂ ಹೇಳದೆಯೇ ಅಲ್ಲಿ ಬರೆದ: ಮುಚ್ಚಲು ಮರೆತ ಬಕೆಟ್, ೧೭. ಮಧುಮತಿ ಓದಿದಳು. ಅಳಿಸು ಅನ್ನಲಿಲ್ಲ. ಮಸಿ ಒಣಗುವವರೆಗೆ ಕಾದು, ಚೀಟಿಯನ್ನು ಬಾಟಲಿಗೆ ಇಳಿಸಿದಳು.

ಮುಂದಿನ ತಿಂಗಳು ಕ್ಯಾಂಪ್ ಮುಗಿದ ದಿನ ಅವಳು ಹಾಳೆಯನ್ನು ಚಿನ್ನಪ್ಪನ ಮುಂದೆ ಹಿಡಿದಳು. ಆಗಷ್ಟೇ ಇಪ್ಪತ್ತೂ ಮುಚ್ಚಿ ಬಂದಿದ್ದ. ಗುರುಸಿದ್ದ ಹಾರನ್ ಹೊಡೆದ. ಚಿನ್ನಪ್ಪ ಪೆನ್ನು ಜೇಬಿಗಿಟ್ಟುಕೊಂಡು ಮತ್ತೆ ಒಂದನೇ ಬಕೆಟ್ಟಿನ ಕಡೆಗೆ ನಡೆದ.